ಬೆಂಕಿ ಆರಿದ ಮೇಲೆ ಬೆಕ್ಕಿನ ಮೇಲೆ ಕಣ್ಣಿರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಕೊಡಗಿನ ಹಳೇ ಬಂಗಲೆಗಳ ಫೈರ್‌ಪ್ಲೇಸ್ ಬಗ್ಗೆ ಬಂದ ಬರಹ ಓದಿದೆ. ಜೊತೆಗಿದ್ದ ಫೋಟೋ ಚಂದವಿತ್ತು. ಉರಿಯುವ ಸೌದೆ, ಅದರ ಮುಂದೆ ಮೂರು ಮಡಿಕೆಯ ಹಿತ್ತಾಳೆ ಪರದೆ, ಪರದೆಗೆ ಬೆನ್ನು ಕೊಟ್ಟು ಮಲಗಿದ ಕಂದು ಬೆಕ್ಕು. ನಮ್ಮ ಅಂಗಡಿಗೆ ಬಂದವರೆಲ್ಲ ಬೆಕ್ಕನ್ನು ನೋಡಿದರು. ನಾನು ಪರದೆಯ ಕಾಲು ನೋಡಿದೆ. ಅದು ನೆಲಕ್ಕೂ ಕಚ್ಚಿಲ್ಲ, ಗೋಡೆಗೂ ಕಚ್ಚಿಲ್ಲ. ಬೆಕ್ಕು ಮೈ ಉಜ್ಜಿದರೆ ಸಾಕು, ಬಿದ್ದು ಹೋಗುತ್ತದೆ.

ನನ್ನದು ಸುಂಟಿಕೊಪ್ಪದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಕಾಫಿ ಕಣದ ಶೆಡ್ಡು ಇವೇ ಹೆಚ್ಚು. ಈಚೆಗೆ ಫೈರ್‌ಪ್ಲೇಸ್ ಕೆಲಸವೂ ಬರುತ್ತಿದೆ. ಬಂಗಲೆಗಳು ಹೋಂಸ್ಟೇ ಆದವು, ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದವರು ಬೆಕ್ಕುಗಳನ್ನೂ ಜೊತೆಗೆ ತಂದರು. ಎಲ್ಲರೂ ಕೇಳುವುದು ಒಂದೇ, ಬೆಂಕಿಗೆ ಬೆಕ್ಕು ಹಾರದ ಹಾಗೆ ಏನಾದರೂ ಮಾಡಿಕೊಡಿ ಅಂತ. ನಾನು ನೋಡಿದ ಮಟ್ಟಿಗೆ ಧಗಧಗ ಉರಿಯುವ ಬೆಂಕಿಗೆ ಯಾವ ಬೆಕ್ಕೂ ಹಾರುವುದಿಲ್ಲ. ಅದಕ್ಕೆ ಅಷ್ಟು ಬುದ್ಧಿ ಇದೆ. ಅಪಾಯ ಶುರುವಾಗುವುದು ಬೆಂಕಿ ಆರಿ, ಮನೆಯವರು ಮಲಗಲು ಹೋದ ಮೇಲೆ. ಇನ್ನೊಂದು ಅಪಾಯ ಮಾರನೇ ಸಂಜೆ, ಕಡ್ಡಿ ಗೀರುವ ಮುಂಚೆ. ಈ ಮಾತು ನಿಮ್ಮ ಬರಹದಲ್ಲಿ ಇರಲಿಲ್ಲ. ಅದಕ್ಕೇ ಈ ಪತ್ರ.

ಗೋಡೆಯೊಳಗಿನ ಈ ಫೈರ್‌ಪ್ಲೇಸ್ ಗೂಡುಗಳು ನಮ್ಮವರು ಕಟ್ಟಿದ್ದಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಹತ್ತಿರ ಕಾಫಿ ತೋಟ ತೆರೆದರು. ಅವರ ಹಿಂದೆ ಬಂದ ದೊರೆಗಳು ತಮ್ಮೂರಿನ ಹಾಗೇ ನಡುಮನೆಯ ಗೋಡೆಯಲ್ಲಿ ಫೈರ್‌ಪ್ಲೇಸ್ ಕಟ್ಟಿಸಿಕೊಂಡರು. ಐನ್‌ಮನೆಗಳಲ್ಲಿ, ಅಂದರೆ ಕೊಡವರ ಪೂರ್ವಿಕರ ಮನೆಗಳಲ್ಲಿ, ಬೆಂಕಿ ಇದ್ದದ್ದು ಅಡುಗೆಮನೆ ಒಲೆಯಲ್ಲಿ. ಅಲ್ಲಿ ದಿನವಿಡೀ ಯಾರಾದರೂ ಇರುತ್ತಿದ್ದರು. ಆಗಿನ ಬೆಕ್ಕಿಗೆ ಅಂಗಳ, ಅಟ್ಟ, ತೋಟ ಎಲ್ಲ ಇತ್ತು. ಈಗಿನ ಬೆಕ್ಕು ಹಗಲೂ ರಾತ್ರಿ ಮನೆಯೊಳಗೇ. ಹೊರಗೆ ಬಿಟ್ಟರೆ ನಾಯಿ, ಚಿರತೆ, ರಸ್ತೆಯ ಗಾಡಿ. ಒಳಗಿಡುವುದು ಸರಿಯೇ. ಆದರೆ ಬೇಜಾರಾದ ಬೆಕ್ಕಿಗೆ ಮನೆಯಲ್ಲಿ ಎಷ್ಟು ನೋಡಿದರೂ ಮುಗಿಯದ ಜಾಗ ಅಂದರೆ ಆ ಕಪ್ಪು ಗೂಡೇ.

ಮೊದಲು ಬೂದಿಯ ಮಾತು. ಮೇಲೆ ಬಿಳಿ ಬೂದಿ ಕಂಡರೆ ಆರಿದೆ ಅಂದುಕೊಳ್ಳುತ್ತೇವೆ. ಕಾಫಿ ಕೊಂಬೆ, ಕಾಫಿ ಬುಡದ ಕೆಂಡ ಬೂದಿಯೊಳಗೆ ಒಂದು ದಿನಕ್ಕೂ ಜಾಸ್ತಿ ಹೊತ್ತು ಬದುಕಿರುತ್ತದೆ. ಬೆಕ್ಕಿಗೆ ಬೂದಿ ಅಂದರೆ ಬೆಚ್ಚಗಿನ ಹಾಸಿಗೆ, ಇಲ್ಲವೇ ಕಕ್ಕಸಿಗೆ ಕೆರೆಯುವ ಜಾಗ. ಕೆರೆದರೆ ಕೆಂಡ ಮೇಲೆ ಬರುತ್ತದೆ. ಗೇಟು ಮಾಡಿಸಲು ಬಂದ ಪಶುವೈದ್ಯರೊಬ್ಬರು ಇನ್ನೊಂದು ವಿಷಯ ಹೇಳಿದರು. ನಮ್ಮ ಚರ್ಮಕ್ಕೆ 44 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಉರಿ ಗೊತ್ತಾಗುತ್ತದೆ, ಬೆಕ್ಕಿಗೆ 50 ದಾಟಬೇಕಂತೆ. ಅಂದರೆ ಸುಡುತ್ತಿದೆ ಎಂದು ಅದಕ್ಕೆ ತಿಳಿಯುವ ಹೊತ್ತಿಗೆ ಸುಟ್ಟಾಗಿರುತ್ತದೆ.

ತಣ್ಣಗಾದ ಬೂದಿಯೂ ಸಾಧುವಲ್ಲ. ಹಿಂದೆ ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ಅಲ್ವಾ? ಆ ಕ್ಷಾರವೇ ಒದ್ದೆ ಪಾದಕ್ಕೆ ಅಂಟಿ, ಬೆಕ್ಕು ನೆಕ್ಕಿದಾಗ ನಾಲಿಗೆಗೆ ಹೋಗುತ್ತದೆ. ಮಳೆಗಾಲದಲ್ಲಿ ಚಿಮಿಣಿಯಿಂದ ನೀರು ತೊಟ್ಟಿಕ್ಕಿ ಬೂದಿ ಒದ್ದೆಯಾಗುವುದು ನಮ್ಮ ಕಡೆ ಹೊಸದೇನಲ್ಲ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ತುಂಬಿ, ಹೊರಗೆ ಕಲ್ಲಿನ ಮೇಲೆ ಇಡಿ. ಮರದ ಜಗಲಿ ಮೇಲೆ ಬೇಡ, ಪ್ಲಾಸ್ಟಿಕ್ ಬಕೆಟ್ಟು ಬೇಡವೇ ಬೇಡ. ಪೂರ್ತಿ ಆರಿದ ಮೇಲೆ ಬಾಳೆ ಬುಡಕ್ಕೆ ಹಾಕಿಕೊಳ್ಳಿ. ಗೂಡು ತೊಳೆಯಲು ಫಿನಾಯಿಲ್ ಬಳಸಬೇಡಿ, ಅದು ಬೆಕ್ಕಿಗೆ ವಿಷ. ಬೆಂಕಿ ಹಚ್ಚಲು ಕರ್ಪೂರ, ಸೀಮೆಎಣ್ಣೆ ಬಳಸುವವರು ಆ ಡಬ್ಬಿಗಳನ್ನು ಕಪಾಟಿನೊಳಗೆ ಇಡಲಿ. ಅವೂ ವಿಷವೇ. ಒಣಗಿದ ಸಿಲ್ವರ್ ಓಕ್ ಸಿಪ್ಪೆ ಇರುವಾಗ ಕರ್ಪೂರ ಯಾಕೆ ಬೇಕು ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಇನ್ನು ಚಿಮಿಣಿ. ಕೊಳವೆ ಶುರುವಾಗುವ ಕಡೆ ಎಷ್ಟೋ ಗೂಡುಗಳಲ್ಲಿ ಹಿಂಬದಿಗೆ ಒಂದು ಗೇಣಗಲದ ಕಟ್ಟೆ ಇರುತ್ತದೆ. ಮೇಲಿಂದ ನುಗ್ಗುವ ಗಾಳಿ ಅಲ್ಲಿ ತಿರುಗಿ ಹೋಗಲಿ, ಬೀಳುವ ಮಸಿ, ನೀರು ಅಲ್ಲೇ ನಿಲ್ಲಲಿ ಎಂದು ಕಟ್ಟಿದ್ದು. ಕೆಳಗಿನಿಂದ ಬಗ್ಗಿ ನೋಡಿದರೂ ಅದು ಕಾಣುವುದಿಲ್ಲ. ಬೆಕ್ಕಿಗೆ ಮಾತ್ರ ಮೊದಲ ದಿನವೇ ಸಿಗುತ್ತದೆ.

ಒಂದು ತೋಟದ ಮನೆಗೆ ಗೇಟಿನ ಅಳತೆಗೆ ಹೋಗಿದ್ದೆ. ಒಳಗೆ ಗಲಾಟೆ. ಬೆಕ್ಕು ಹಿಂದಿನ ಸಂಜೆಯಿಂದ ಕಾಣೆ, ಈಗ ಚಿಮಿಣಿಯಿಂದ ಕೂಗು ಕೇಳುತ್ತಿದೆ. ರಜೆಗೆ ಬಂದಿದ್ದ ಮೊಮ್ಮಗ ಪೇಪರ್ ಸುರುಳಿ ಸುತ್ತಿ, ಸ್ವಲ್ಪ ಹೊಗೆ ಹಾಕಿದರೆ ಇಳಿಯುತ್ತೆ ಅಂದ. ಅವನ ಅಜ್ಜಿ, "ಕಡ್ಡಿ ಗೀರಿದರೆ ನಿನ್ನ ಕೈ ಮುರೀತೀನಿ ನೋಡು" ಎಂದು ಬೆಂಕಿಪೊಟ್ಟಣ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಜ್ಜಿ ಮಾಡಿದ್ದೇ ಸರಿ. ಹೊಗೆ ಹಾಕಿದರೆ ಬೆಕ್ಕು ಕೆಳಗೆ ಬರುವುದಿಲ್ಲ, ಮೇಲಕ್ಕೆ ಹೋಗುತ್ತದೆ, ಮೇಲೆ ಕೊಳವೆ ಕಿರಿದಾಗುತ್ತದೆ. ಕೋಲಿನಿಂದ ತಿವಿದರೂ ಅದೇ ಕಥೆ. ನಾವು ಒಂದು ಹಲಗೆಗೆ ಗೋಣಿ ಸುತ್ತಿ ಹಗ್ಗ ಬಿಗಿದು, ಕಟ್ಟೆಗೆ ಓರೆಯಾಗಿ ಒರಗಿಸಿದೆವು. ಕೆಳಗೆ ಒಣಸಿಗಡಿ ಇಟ್ಟು, ಕಿಟಕಿ ಪರದೆ ಎಳೆದು, ಎಲ್ಲರೂ ಹೊರಗೆ ಬಂದೆವು. ಮೊಮ್ಮಗನನ್ನು ಹೊರಗೆ ಕರೆತರುವುದೇ ಕಷ್ಟವಾಯಿತು. ಕತ್ತಲಾದ ಮೇಲೆ ಬೆಕ್ಕು ತಾನೇ ಇಳಿದು ಬಂತಂತೆ, ಬಿಳಿ ಬೆಕ್ಕು ಹೋಗಿ ಕರಿ ಬೆಕ್ಕಾಗಿ. ಅದು ನೆಕ್ಕಿಕೊಳ್ಳುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮಸಿಯಲ್ಲಿ ಟಾರು ಇರುತ್ತದೆ, ಹೊಟ್ಟೆಗೆ ಹೋಗಬಾರದು. ಹೀಗೂ ಇಳಿಯದಿದ್ದರೆ ಗೋಡೆ ಒಡೆಯುವ ಮುಂಚೆ ಅಗ್ನಿಶಾಮಕದವರಿಗೆ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಹಾಗಾದರೆ ಚಿಮಿಣಿ ಬಾಯಿಯ ಕಬ್ಬಿಣದ ಮುಚ್ಚಳ, ಡ್ಯಾಂಪರ್ ಅನ್ನುತ್ತಾರಲ್ಲ, ಅದನ್ನು ರಾತ್ರಿಯೇ ಮುಚ್ಚಿಬಿಡೋಣ ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಕೆಂಡ ಜೀವಂತ ಇರುವಾಗ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ರೂಮಿಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಕ್ಕಿಗಷ್ಟೇ ಅಲ್ಲ, ಮಲಗಿದ ಮನುಷ್ಯರ ಪ್ರಾಣಕ್ಕೂ ಅಪಾಯ. ರಾತ್ರಿ ಮುಚ್ಚಳ ತೆರೆದೇ ಇರಬೇಕು, ಬೆಕ್ಕನ್ನು ತಡೆಯಬೇಕಾದ್ದು ಮುಂಭಾಗದಲ್ಲಿ. ಮಾರನೇ ದಿನ ಬೂದಿ ತಣ್ಣಗಾಗಿ, ಅದನ್ನು ತೆಗೆದ ಮೇಲೆ ಮುಚ್ಚಿ. ಮತ್ತೆ ಹಚ್ಚುವ ಮುಂಚೆ ಮುಚ್ಚಳ ತೆರೆದು, ಟಾರ್ಚ್ ಬಿಟ್ಟು ಕಟ್ಟೆಯ ಮೇಲೆ ನೋಡಿ. ಕಣ್ಣಿಗೆ ಎಟುಕದಿದ್ದರೆ ಮೊಬೈಲ್ ಕೈಯಲ್ಲಿ ಹಿಡಿದು ಒಳಗೆ ಚಾಚಿ ಒಂದು ಫೋಟೋ ತೆಗೆಯಿರಿ. ಮನೆಯ ಬೆಕ್ಕುಗಳೆಲ್ಲ ಕಣ್ಣೆದುರು ಇವೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೇ ಕಡ್ಡಿ ಗೀರಿ.

ಮುಚ್ಚಳವೇ ಇಲ್ಲದ ಮನೆಗಳಲ್ಲಿ ಚಳಿಗಾಳಿ ತಡೆಯಲು ಕೊಳವೆಗೆ ಗೋಣಿಚೀಲ ತುರುಕುತ್ತಾರೆ. ತುರುಕಿದವರಿಗೆ ನೆನಪಿರುತ್ತದೆ, ಆಮೇಲೆ ಬಂದ ಅತಿಥಿಗೆ ಗೊತ್ತಿರುವುದಿಲ್ಲ. ಗೋಣಿ ತುರುಕುವುದಾದರೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ, ಗೂಡಿನ ಬಾಯಿಯವರೆಗೆ ಇಳಿಬಿಡಿ.

ಈಗ ನನ್ನ ಕಸುಬು. ಅಂಗಡಿಯಲ್ಲಿ ಸಿಗುವ ಮಡಿಸುವ ಪರದೆ ಕಿಡಿ ತಡೆಯುತ್ತದೆ, ಬೆಕ್ಕು ತಡೆಯುವುದಿಲ್ಲ. ಬೇಕಾದ್ದು ಗೋಡೆಗೆ ಬೋಲ್ಟ್ ಹಾಕಿದ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಫ್ರೇಮು, ಅದಕ್ಕೆ ಎರಡು ಬಾಗಿಲು. ಜಾಲರಿ ಕಾಲಿಂಚಿನ ಕಣ್ಣಿನದು ಇರಲಿ. ಅದಕ್ಕಿಂತ ದೊಡ್ಡದಾದರೆ ಮರಿ ಬೆಕ್ಕು ಕೈ ತೂರಿಸುತ್ತದೆ. ಜಾಲರಿ ಬರೀ ಕಬ್ಬಿಣದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಬೇಕು. ಕೋಳಿಗೂಡಿಗೆ ಬಳಸುವ ಜಿ.ಐ. ಜಾಲರಿ ಅಗ್ಗ ಎಂದು ತಂದುಕೊಡುತ್ತಾರೆ, ನಾನು ವಾಪಸ್ ಕಳಿಸುತ್ತೇನೆ. ಅದರ ಸತುವಿನ ಲೇಪ ಹೆಚ್ಚು ಕಾದರೆ ಕೆಟ್ಟ ಹೊಗೆ ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಆ ಹೊಗೆ ಗೊತ್ತು, ಅದು ಎದೆಗೆ ಹೋದ ರಾತ್ರಿ ಚಳಿಜ್ವರ. ಮಾಮೂಲಿ ಎನಾಮಲ್ ಬಣ್ಣವೂ ಬೇಡ, ಶಾಖ ತಡೆಯುವ ಕಪ್ಪು ಬಣ್ಣ ಸಿಗುತ್ತದೆ. ಅದನ್ನು ಬಳಿದ ಮೇಲೆ ಮೊದಲ ಸಲ ಬೆಂಕಿ ಹಾಕುವಾಗ ಕಿಟಕಿಗಳೆಲ್ಲ ತೆರೆದಿರಲಿ, ಬೆಕ್ಕು ಬೇರೆ ರೂಮಿನಲ್ಲಿರಲಿ. ಗಾಜಿನ ಬಾಗಿಲು ನೋಡಲು ಚಂದ, ಆದರೆ ಕಿಟಕಿ ಗಾಜು ಹಾಕಿದರೆ ಬಿರಿಯುತ್ತದೆ. ಶಾಖ ತಡೆಯುವ ಗಾಜೂ ಮುಟ್ಟಿದರೆ ಸುಡುತ್ತದೆ. ಕೆಳಗೆ ಸಂದು ಒಂದಿಂಚು ದಾಟಬಾರದು. ತಲೆ ತೂರಿದರೆ ಬೆಕ್ಕಿನ ಮೈಯೂ ತೂರಿತು ಎಂದೇ ಲೆಕ್ಕ. ಚಿಲಕ ಎಳೆದು ಹಾಕುವಂಥದ್ದು ಇರಬೇಕು, ಕೊಕ್ಕೆಯನ್ನು ಬೆಕ್ಕು ಕೈಯಲ್ಲಿ ಎತ್ತುವುದು ನಾನೇ ನೋಡಿದ್ದೇನೆ.

ಹೆಚ್ಚಿನವರು ತಪ್ಪುವುದು ಬೋಲ್ಟ್ ಕೂರಿಸುವ ಕಡೆ. ಹಳೇ ಬಂಗಲೆಯ ಗೋಡೆ ಸುಣ್ಣದ ಗಾರೆಯದು. ಗೂಡಿನ ಬಾಯಂಚಿನ ಗಾರೆ ವರ್ಷಗಟ್ಟಲೆ ಕಾದು ಪುಡಿಯಾಗಿರುತ್ತದೆ. ಅಲ್ಲಿ ಡ್ರಿಲ್ ಹಾಕಿದರೆ ಬೋಲ್ಟ್ ಕೈಗೇ ಬರುತ್ತದೆ. ಫ್ರೇಮನ್ನು ಬಾಯಿಗಿಂತ ಆರೇಳಿಂಚು ಅಗಲ ಮಾಡಿ, ಗಟ್ಟಿ ಕಲ್ಲಿಗೆ ಅಥವಾ ಇಟ್ಟಿಗೆಯ ಮೈಗೆ ಉದ್ದನೆಯ ಬೋಲ್ಟ್ ಹಾಕಬೇಕು, ಸಂದಿಗೆ ಅಲ್ಲ. ಮುಂದಿನ ಕಲ್ಲುಹಾಸು ಅಗಲವಿದ್ದರೆ ಫ್ರೇಮನ್ನು ಪೆಟ್ಟಿಗೆಯ ಹಾಗೆ ಮುಂದಕ್ಕೆ ತನ್ನಿ. ಬೆಂಕಿಯಿಂದ ದೂರವಿದ್ದಷ್ಟು ಜಾಲರಿ ಕಡಿಮೆ ಕಾಯುತ್ತದೆ, ಬೆಕ್ಕು ಒರಗಿದರೂ ಭಯ ಕಡಿಮೆ. ಗೂಡಿನ ಮೇಲಿನ ಹಲಗೆಯಲ್ಲಿ ಅಲಂಕಾರಕ್ಕಿಟ್ಟ ಪೀಚೆಕತ್ತಿ (ಕೊಡವರ ಸೊಂಟದ ಕತ್ತಿ), ಹಿತ್ತಾಳೆ ಸಾಮಾನು, ಫೋಟೋ ಇವನ್ನೆಲ್ಲ ಬೇರೆ ಗೋಡೆಗೆ ಸಾಗಿಸಿ. ಬೆಕ್ಕು ಅಲ್ಲಿಗೆ ಹಾರಿಯೇ ಹಾರುತ್ತದೆ.

ಇಷ್ಟಾಗಿಯೂ ಪಾದ ಸುಟ್ಟುಕೊಂಡರೆ ಹರಿಯುವ ತಣ್ಣೀರು ಬಿಡಿ, ಹತ್ತು ನಿಮಿಷವಾದರೂ. ಐಸ್, ಟೂತ್‌ಪೇಸ್ಟ್, ಅರಿಸಿನ, ತುಪ್ಪ ಯಾವುದೂ ಬೇಡ. ನೋವಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ. ಮನುಷ್ಯರು ನುಂಗುವ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಇದನ್ನು ಹೇಳಿದ್ದೂ ಅದೇ ಪಶುವೈದ್ಯರು. ನೇರ ಪಶು ಆಸ್ಪತ್ರೆಗೆ ಒಯ್ಯಿರಿ.

ಇನ್ನು ಉಳಿದದ್ದು ಚಿಮಿಣಿಯ ತುದಿ. ಅಲ್ಲಿ ಟೋಪಿ ಇಲ್ಲದಿದ್ದರೆ ಹಕ್ಕಿ ಗೂಡು ಕಟ್ಟುತ್ತದೆ, ತುಡುವೆ ಜೇನು ಕೂರುತ್ತದೆ, ಮೇಲೆ ಹಕ್ಕಿ ಮರಿಯ ಸದ್ದು ಕೇಳಿದರೆ ಕೆಳಗಿನ ಬೆಕ್ಕು ಹತ್ತದೆ ಬಿಡುವುದಿಲ್ಲ. ಟೋಪಿಯ ಸುತ್ತ ಸ್ಟೀಲ್ ಜಾಲರಿ ಹಾಕಿಸಿ, ಕಣ್ಣು ಮುಕ್ಕಾಲಿಂಚಾದರೂ ಇರಲಿ. ಸಣ್ಣದಾದರೆ ಮಸಿ ಕಟ್ಟಿ ಹೊಗೆ ಹಿಂದಕ್ಕೆ ತಿರುಗುತ್ತದೆ. ಹಸಿ ಸೌದೆ ಉರಿಸುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ಮರಗಸಿಯ, ಅಂದರೆ ತೋಟದ ನೆರಳುಮರದ ಕೊಂಬೆ ಸವರಿದ, ಸೌದೆಯನ್ನು ಒಂದು ಬೇಸಿಗೆಯಾದರೂ ಒಣಗಿಸದೆ ಗೂಡಿಗೆ ಹಾಕಬೇಡಿ. ಫೈರ್‌ಪ್ಲೇಸ್ ಇದೆ ಎಂದು ಜಾಹೀರಾತು ಕೊಡುವ ಹೋಂಸ್ಟೇಯವರು ವರ್ಷಕ್ಕೊಮ್ಮೆ ಚಿಮಿಣಿ ಕೆರೆಸಲೇಬೇಕು. ಅತಿಥಿಗಳೂ ಬುಕ್ ಮಾಡುವಾಗ ಅದನ್ನು ಕೇಳಲಿ.

ಕೊನೆಗೆ ನನ್ನದೊಂದು ಕೋರಿಕೆ. ಟೋಪಿ ಕೂರಿಸುವ ಕೆಲಸ ಇರುವವರು ಕಾಫಿ ಕುಯ್ಲು ಮುಗಿದ ಕೂಡಲೇ ಹೇಳಿ. ಜೂನ್ ಮಳೆಗೆ ಪಾಚಿ ಹಿಡಿದ ಹೆಂಚಿನ ಮೇಲೆ ನಾನೂ ಹತ್ತುವುದಿಲ್ಲ, ನನ್ನ ಹುಡುಗರನ್ನೂ ಹತ್ತಿಸುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಅಷ್ಟೇ.

— ಒಬ್ಬ ವೆಲ್ಡಿಂಗ್ ಕೆಲಸಗಾರ, ಸುಂಟಿಕೊಪ್ಪ