ಸೇಡಂನಿಂದ ಬಂದ ನಾದಿನಿಗೆ, ಜೊತೆಗೆ ನಿಮ್ಮೆಲ್ಲರಿಗೂ

ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರು ನನ್ನ ಎದೆಯ ಮೇಲೆ ಕೈಯಿಟ್ಟು ಕೆಮ್ಮಲು ಹೇಳಿದರು. ಎಲುಬು ಚೆನ್ನಾಗಿ ಕೂಡಿದೆ, ಇನ್ನು ಶಾಲೆಗೆ ಪಾಠ ಮಾಡಲು ಹೋಗಬಹುದು ಅಂದರು. ಬರುವ ಸೋಮವಾರದಿಂದ ಹೋಗುತ್ತೇನೆ. ಅದಕ್ಕೂ ಮೊದಲು ಇಷ್ಟನ್ನು ಬರೆಯಲೇಬೇಕು ಅನ್ನಿಸಿತು. ನನ್ನ ಹಾರ್ಟ್ ಆಪರೇಷನ್ ಯಾಕಾಯ್ತು, ಹೃದಯದ ಕವಾಟ ಯಾಕೆ ಬದಲಿಸಿದರು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಮನೆಗೆ ಬಂದ ಮೇಲಿನದನ್ನಷ್ಟೇ ಹೇಳುತ್ತೇನೆ.

ನಮ್ಮ ಮಾವನವರಿಗೆ ಹಾರ್ಟ್ ತೊಂದರೆ ಆದಾಗ ರಾತ್ರೋರಾತ್ರಿ ಸೊಲ್ಲಾಪುರಕ್ಕೆ ಒಯ್ದಿದ್ದರು. ಆಗ ಕಲಬುರಗಿಯವರಿಗೆ ಸೊಲ್ಲಾಪುರ, ಇಲ್ಲಾಂದ್ರೆ ಹೈದರಾಬಾದ್. ನನಗೆ ಊರು ಬಿಡುವ ಪ್ರಸಂಗವೇ ಬರಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ನಮ್ಮೂರಲ್ಲೇ ಶುರುವಾಗಿತ್ತು. ಅಲ್ಲಿನ ಡಾಕ್ಟರು, ಸಿಸ್ಟರುಗಳು, ವಾರ್ಡು ಗುಡಿಸುವ ಅಕ್ಕಂದಿರು, ಎಲ್ಲರಿಗೂ ಕೈಮುಗಿಯುತ್ತೇನೆ. ನನ್ನ ಕ್ಲಾಸು ತೆಗೆದುಕೊಂಡ ಶಾಲೆಯ ಗೆಳತಿಯರಿಗೆ, ಚೀಟಿ ಬರೆದು ಕಳಿಸಿದ ಮಕ್ಕಳಿಗೆ, ದಿನಾ ಬಿಸಿ ರೊಟ್ಟಿ ಕೊಟ್ಟ ಓಣಿಯವರಿಗೆ, ಪ್ರತಿ ಹಂಪಿನಲ್ಲೂ ಆಟೊ ನಿಧಾನ ಮಾಡಿ ನನ್ನನ್ನು ರಕ್ತಪರೀಕ್ಷೆಗೆ ಕರೆದೊಯ್ದ ಹಿಂದಿನ ಮನೆಯ ಚಾಚಾಗೆ ತುಂಬಾ ತುಂಬಾ ಥ್ಯಾಂಕ್ಸ್.

ಈಗ ನನ್ನ ನಾದಿನಿಯ ಬಗ್ಗೆ.

ನಾನು ಮನೆಗೆ ಬರುವ ಹೊತ್ತಿಗೇ ನಮ್ಮ ಮನೆಯವರಿಗೆ ನೆಗಡಿ, ಕೆಮ್ಮು ಹತ್ತಿತ್ತು. ಇನ್ಫೆಕ್ಷನ್ ಆಗಬಾರದು, ಸ್ವಲ್ಪ ದಿನ ದೂರ ಇರಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಪಾಪ, ಅವರು ಹೊಸ್ತಿಲ ಆಚೆ ನಿಂತು ಮಾತಾಡಿಸಿ ಹೋಗುತ್ತಿದ್ದರು. ಫೋನಿನಲ್ಲಿ ಇದನ್ನು ಕೇಳಿದ ನಾದಿನಿ ಮರುದಿನವೇ ಸೇಡಂ ಕಡೆಯ ತನ್ನ ಊರಿಂದ ಚೀಲ ಹಿಡಿದು ಬಂದಳು. ಎಷ್ಟು ದಿನ ಇರುತ್ತೀ ಅಂತ ಕೇಳಿದೆ. "ನೀವು ಎದ್ದು ಅಡ್ಡಾಡೋತನ ಇರ್ತೀನಿ ವೈನಿ" ಅಂದಳು.

ಎದೆಯ ಎಲುಬನ್ನು ನಡುವೆ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿತನಕ ಕೈ ಊರಿ ಏಳುವಂತಿಲ್ಲ, ಭಾರ ಎತ್ತುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿದೇ ಕೆಮ್ಮಬೇಕು. ಇದನ್ನೆಲ್ಲ ಆಸ್ಪತ್ರೆಯವರು ನನಗೆ ಹೇಳಿ ಕಳಿಸಿದ್ದರು, ನೆನಪಿಟ್ಟವಳು ಅವಳು. ನಾನು ಏಳಲು ಹೊರಟರೆ ಬೆನ್ನ ಹಿಂದೆ ಅವಳ ಕೈ ಮೊದಲೇ ಬಂದಿರುತ್ತಿತ್ತು. ಅವಳೇ ನನ್ನ ತಲೆ ಒರೆಸಿ, ಬಾಚಿ, ಜಡೆ ಹಾಕುತ್ತಿದ್ದಳು. ನನ್ನ ತಾಯಿ ತೀರಿದ ಮೇಲೆ ನನಗೆ ಯಾರೂ ಜಡೆ ಹಾಕಿರಲಿಲ್ಲ.

ಊಟದ ವಿಷಯ ಇನ್ನೊಂದು. ಹೊಸ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನಾನು ಇನ್ನು ಜೀವನಪೂರ್ತಿ ಮಾತ್ರೆ ತೆಗೆದುಕೊಳ್ಳಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸ ತಗ್ಗಿಸುತ್ತದೆ. ಹಾಗಂತ ಡಾಕ್ಟರು ಸೊಪ್ಪು ಬಿಡಲು ಹೇಳಲಿಲ್ಲ, ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗಬಾರದು ಅಂದರು. ಪುಂಡಿ ಪಲ್ಯ, ಮೆಂತ್ಯ ಪಲ್ಯ ಇಲ್ಲದೆ ನಮ್ಮ ಕಡೆ ಊಟವೇ ಆಗುವುದಿಲ್ಲ, ಅಲ್ವಾ? ಅವಳು ಒಂದು ಸಣ್ಣ ಬಟ್ಟಲು ತೆಗೆದಿಟ್ಟು ದಿನಾ ಅದರಲ್ಲೇ ಅಳೆದು ಬಡಿಸಿದಳು. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಇವಳು ನನ್ನ ಜೊತೆ ಮನೆಯಲ್ಲೇ ಉಳಿದಳು. ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ಮಾಡಿದಳು. ಸೊಪ್ಪು ತುಂಬಿದ ಆ ಭಜ್ಜಿಯನ್ನೂ ಅದೇ ಬಟ್ಟಲಲ್ಲಿ ಅಳೆದು ಕೊಟ್ಟಳು.

ಇನ್ನು ಆ ರಾತ್ರಿ. ಅದನ್ನು ಬರೆಯದಿದ್ದರೆ ಈ ಥ್ಯಾಂಕ್ಸಿಗೆ ಅರ್ಥವಿಲ್ಲ.

ಊರೆಲ್ಲ ಮಲಗಿದ ಹೊತ್ತು. ಜೋರಾಗಿ ಕೆಮ್ಮು ಬಂತು, ಅದರ ಹಿಂದೆಯೇ ಎದೆ ಹೊಡೆದುಕೊಳ್ಳಲು ಶುರುವಾಯ್ತು. ತಾಳ ತಪ್ಪಿದ ಹಾಗೆ ಎರಡು ಬಡಿತ ಜೋರು, ಒಂದು ಮಾಯ. ಹೊಸ ಕವಾಟ ಟಿಕ್ ಟಿಕ್ ಅನ್ನುತ್ತದೆ, ಸುತ್ತ ಸದ್ದಿಲ್ಲದಿದ್ದರೆ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಮೊದಲ ದಿನ ಅವಳು "ವೈನಿ, ಗಡಿಯಾರ ಎಲ್ಲಿಟ್ಟೀರಿ?" ಅಂತ ಕೇಳಿದ್ದಳು. ಆ ರಾತ್ರಿ ಅದೇ ಸದ್ದು ನನಗೆ ಭಯ ಹುಟ್ಟಿಸಿತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತಲೇ ಕೇಳುತ್ತಾ ಕೂತೆ.

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ಡ್ಯೂಟಿಯಲ್ಲಿದ್ದ ಸಿಸ್ಟರ್ ಜ್ವರ ಇದೆಯಾ, ಉಸಿರು ಕಟ್ಟುತ್ತಿದೆಯಾ, ಗಾಯದಿಂದ ಏನಾದರೂ ಸೋರುತ್ತಿದೆಯಾ ಅಂತ ಒಂದೊಂದೇ ಕೇಳಿದರು. ನಾಡಿ ಎಣಿಸುತ್ತಾ ಇರಿ, ಹೆಚ್ಚಾದರೆ ಅಥವಾ ತಲೆ ಸುತ್ತಿದರೆ ತಕ್ಷಣ ಹೊರಡಿ, ಇಲ್ಲಾಂದ್ರೆ ಬೆಳಗಾದ ಕೂಡಲೇ ಬನ್ನಿ ಅಂದರು. ಇವಳು ಕೌದಿ ಮಡಚಿ ನನ್ನ ಬೆನ್ನಿಗಿಟ್ಟಳು. ಮಣಿಕಟ್ಟು ಹಿಡಿದು, ಫೋನಿನ ಗಡಿಯಾರ ನೋಡುತ್ತಾ ಎಣಿಸಿದಳು. ಎಣಿಸಿದ್ದನ್ನು ಔಷಧಿ ಚೀಟಿಯ ಹಿಂದೆ ಬರೆದಳು. ಮತ್ತೆ ಎಣಿಸಿದಳು.

ಒಂದು ಹೊತ್ತಿನಲ್ಲಿ ನಾನು "ನನಗ ಸಾಕಾಗ್ಯಾದ ತಂಗಿ, ಇನ್ನ ಆಗಂಗಿಲ್ಲ" ಅಂದುಬಿಟ್ಟೆ. ಬರೀ ನೋವಿಗೆ ಅಂದ ಮಾತಲ್ಲ ಅದು. ನಿಜಕ್ಕೂ ಬದುಕುವ ಆಸೆ ಬಿಟ್ಟುಹೋಗಿತ್ತು. ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆಗಂಗಿಲ್ಲ ಅನ್ನೋದು ನಾಳಿ ಮುಂಜಾನಿ ಹೇಳ್ರಿ. ಈಗ ಉಸಿರು ತಗೋರಿ. ಅಷ್ಟೇ ನಿಮ್ಮ ಕೆಲಸ" ಅಂದಳು. ಆಮೇಲೆ ಹೊಲದ ಮಾತು ತೆಗೆದಳು. ಯಾವ ಮಡಿಯಲ್ಲಿ ತೊಗರಿ ಹೇಗೆ ಬಂದಿದೆ, ಕೂಲಿಗೆ ಯಾರು ಯಾರು ಬರುತ್ತಾರೆ, ರಾಶಿ ಮಷೀನಿನವರು ಎಷ್ಟು ಕೇಳುತ್ತಾರೆ, ಗಂಜ್ ಮಾರುಕಟ್ಟೆಯಲ್ಲಿ ಧಾರಣಿ ಹೇಗಿದೆ. ಮಾತಾಡುತ್ತಲೇ ಇದ್ದಳು. ನಡುನಡುವೆ ನನ್ನ ಎದೆಯ ಹತ್ತಿರ ಕಿವಿ ತಂದು "ನಡೀಲಾಕತ್ತದ ನೋಡ್ರಿ ವೈನಿ, ಕೇಳ್ರಿ" ಅನ್ನುತ್ತಿದ್ದಳು. ಹಾಲಿನವನು ಗೇಟು ಬಡಿಯುವವರೆಗೂ ಕೈ ಬಿಡಲಿಲ್ಲ. ಮುಂಜಾನೆ ಇಸಿಜಿ ಮಾಡಿ, ಒಂದು ಮಾತ್ರೆ ಹೆಚ್ಚಿಸಿ ಕಳಿಸಿದರು. ಆಪರೇಷನ್ ಆದವರಲ್ಲಿ ಹೀಗೆ ಬಡಿತ ತಪ್ಪುವುದು, ಮನಸ್ಸು ಕುಸಿಯುವುದು ಎರಡೂ ಆಗುತ್ತಿರುತ್ತವೆ ಅಂತ ಡಾಕ್ಟರು ಹೇಳಿದರು.

ನಿಮಗೆ ಗೊತ್ತಿರಲಿ, ಅದು ತೊಗರಿ ಕೊಯ್ಲಿನ ಸಮಯ. ಒಣಗಿದ ತೊಗರಿ ಕಾಯುವುದಿಲ್ಲ, ತಡವಾದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಅಂಥ ಹೊತ್ತಲ್ಲಿ ಮನೆಯ ಹೆಣ್ಣುಮಗಳು ಹೊಲ ಬಿಟ್ಟು ಬರುವುದು ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅವರ ಒಂದು ಮಡಿ ಹಾಗೇ ಸಿಡಿದು ಹೋಯಿತಂತೆ. ಅವಳು ನನಗೆ ಹೇಳಲೇ ಇಲ್ಲ, ಸಂಕ್ರಾಂತಿಗೆ ಬಂದ ಅವಳ ಮಗ ಹೇಳಿದ. ನಾನು ಕೇಳಿದ್ದಕ್ಕೆ "ತೊಗರಿ ಮುಂದಿನ ವರ್ಷ ಮತ್ತ ಬರ್ತದ ಬಿಡ್ರಿ" ಅಂದು ಒಳಗೆ ಹೋದಳು. ಅವತ್ತು ನಾನು ತುಂಬಾ ಅತ್ತೆ.

ಈಗ ಆರಾಮಿದ್ದೇನೆ. ಮುಂಜಾನೆ ಅಪ್ಪನ ಕೆರೆ ಕಡೆ ವಾಕಿಂಗ್ ಹೋಗುತ್ತೇನೆ. ಶರಣಬಸವೇಶ್ವರರ ಜಾತ್ರೆಯಲ್ಲಿ ಗದ್ದಲದಿಂದ ದೂರ ನಿಂತು ತೇರು ನೋಡಿದೆ, ಕಣ್ತುಂಬಾ ನೋಡಿದೆ. ರಕ್ತಪರೀಕ್ಷೆಯ ಅಂಕಿ ಡಾಕ್ಟರು ಹೇಳಿದ ಮಟ್ಟದಲ್ಲೇ ನಿಂತಿದೆ. ಆ ಬಟ್ಟಲು ಈಗ ನನ್ನ ಕೈಯಲ್ಲಿದೆ.

ಕೊನೆಗೆ ರಕ್ತ ಕೊಟ್ಟವರಿಗೆ ಒಂದು ಮಾತು. ಆಪರೇಷನ್ ದಿನ ನಮ್ಮ ಮನೆಯವರು ಗಾಬರಿಯಲ್ಲಿದ್ದರು, ಯಾರು ಯಾರು ಬಂದು ಕೊಟ್ಟರು ಅಂತ ಬರೆದಿಟ್ಟುಕೊಳ್ಳಲು ಆಗಲಿಲ್ಲ. ನಮ್ಮ ಶಾಲೆಯಲ್ಲಿ ಓದಿದ ಹುಡುಗರೂ ಇದ್ದರಂತೆ. ದಯವಿಟ್ಟು ನಿಮ್ಮ ಹೆಸರು ನಮ್ಮ ಮನೆಯವರ ನಂಬರಿಗೆ ಕಳಿಸಿ. ಯುಗಾದಿಗೆ ಎಲ್ಲರೂ ಮನೆಗೆ ಊಟಕ್ಕೆ ಬನ್ನಿ. ನಾದಿನಿಯೂ ಬರುತ್ತಾಳೆ. ಅಡಿಗೆಮನೆಗೆ ಕಾಲಿಡಬಾರದು ಅಂತ ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ, ಈ ಸಲದ ಹೋಳಿಗೆ ನನ್ನದು.