ಅರಸೀಕೆರೆ ಜಂಕ್ಷನ್ನಿಗೆ ಒಂದು ಬೋರ್ಡ್ ಬೇಕು

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ನಮ್ಮ ಜಿಲ್ಲೆಯ ಪ್ರವಾಸದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಸಂತೋಷ. ಆದರೆ ಅದರಲ್ಲಿ ಅರಸೀಕೆರೆ ಹೆಸರು ಬಂದರೆ 'ಇಲ್ಲಿ ರೈಲು ಬದಲಿಸಿ' ಅನ್ನುವಷ್ಟಕ್ಕೇ ಮುಗಿಯುತ್ತದೆ.

ನಾನು ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಲೋಡಿನ ಕೆಲಸಕ್ಕೆ ಸ್ಟೇಷನ್ ಕಡೆ ಹೋದಾಗಲೆಲ್ಲ ನೋಡುತ್ತೇನೆ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಇಳಿದವರು ಹಾಸನದ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರಂ ಮೇಲೆ ಬ್ಯಾಗು ತಲೆದಿಂಬು ಮಾಡಿಕೊಂಡು ಮಲಗಿರುತ್ತಾರೆ. ಒಮ್ಮೆ ಒಂದು ಕುಟುಂಬದವರು, "ಇಲ್ಲಿ ನೋಡೋಕೆ ಏನಾದ್ರೂ ಇದೆಯಾ?" ಎಂದು ಟೀ ಮಾರುವವನನ್ನು ಕೇಳಿದರು. "ಏನಿಲ್ಲ ಸಾರ್, ಜಂಕ್ಷನ್ನು ಅಷ್ಟೇ" ಅಂದ. ಪಾಪ, ಅವನೂ ಈ ಊರಿನವನೇ.

ಅಲ್ಲಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೇ ಶಿವಾಲಯ ಸಿಗುತ್ತದೆ. ಹೊಯ್ಸಳರ ಕಾಲದ್ದು, 13ನೇ ಶತಮಾನದ ಆರಂಭದ್ದು. ಬೇಲೂರಿನಷ್ಟು ಶಿಲ್ಪ ಇಲ್ಲಿಲ್ಲ, ಸುಮ್ನೆ ಹೊಗಳುವುದಿಲ್ಲ. ಮದನಿಕೆಯರನ್ನು ನೋಡಬೇಕು ಅನ್ನುವವರು ಬೇಲೂರಿಗೇ ಹೋಗಲಿ. ಇಲ್ಲಿ ನೋಡಬೇಕಾದ್ದು ಕಟ್ಟಿದ ಲೆಕ್ಕಾಚಾರ. ಗರ್ಭಗುಡಿಯೂ ನಕ್ಷತ್ರದ ಆಕಾರ, ಅದರ ಮುಂದಿನ ತೆರೆದ ಮಂಟಪವೂ ನಕ್ಷತ್ರದ ಆಕಾರ. ಮಂಟಪಕ್ಕೆ 16 ಮೂಲೆ. ಮೇಲೆ ಬೋರಲು ಹಾಕಿದ ಬೋಗುಣಿಯಂಥ ದುಂಡು ಚಾವಣಿ. ಸಾಲು ಸಾಲು ಕಂಬಗಳ ನಡುವೆ ಕತ್ತೆತ್ತಿ ನಿಂತರೆ ಮೂಲೆಗಳು ಎಲ್ಲಿ ಕರಗಿ ದುಂಡಗಾದವು ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಇದನ್ನು ಬರೆಯುವುದೇ ಕಷ್ಟ, ಅವರು ಕಲ್ಲಿನಲ್ಲಿ ಕೂರಿಸಿದ್ದಾರೆ.

ಊರೊಳಗೇ ಸಹಸ್ರಕೂಟ ಜಿನಾಲಯ ಅನ್ನುವ ಜೈನ ಬಸದಿಯೂ ಇದೆ. ಹೊಯ್ಸಳ ದೊರೆ ವೀರಬಲ್ಲಾಳನ ಕಾಲದಲ್ಲಿ, 1220ರಲ್ಲಿ ಅವನ ಮಂತ್ರಿ ರೇಚರಸ ಕಟ್ಟಿಸಿದ್ದು. ಹತ್ತಿರದ ಹಾರನಹಳ್ಳಿಯಲ್ಲಿ ಇನ್ನೂ ಎರಡು ಹೊಯ್ಸಳ ಗುಡಿಗಳಿವೆ. ಹುಣ್ಣಿಮೆ ದಿನ ಜೇನುಕಲ್ಲು ಬೆಟ್ಟ ಹತ್ತುವ ಭಕ್ತರ ಸಾಲನ್ನಂತೂ ಹೇಳುವುದೇ ಬೇಡ.

ಕೊಬ್ಬರಿಯನ್ನೂ ತೋರಿಸಬಹುದಲ್ವಾ? ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಹೊತ್ತಿಗೆ ಉಂಡೆ ಕೊಬ್ಬರಿ ಆಗಿರುತ್ತದೆ. ಪೇಟೆಯವರು ಇದನ್ನು ನೋಡಿಯೇ ಇರುವುದಿಲ್ಲ. ಮಂಡಿಗೆ ಬಂದರೆ ನಾವೇ ಒಡೆದು ಕೈಗೆ ಕೊಡುತ್ತೇವೆ.

2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೊಸ ರೈಲು ದಾರಿ ಆಯಿತು. ಬೆಂಗಳೂರಿನವರು ಹಾಸನಕ್ಕೆ ನಮ್ಮೂರು ಸುತ್ತಿಕೊಂಡು ಬರುವುದು ಅಲ್ಲಿಗೆ ತಪ್ಪಿತು. ಅವರಿಗೆ ಅನುಕೂಲವಾಯಿತು, ಅದಕ್ಕೆ ತಕರಾರಿಲ್ಲ. ಈಗಲೂ ಇಲ್ಲಿ ಇಳಿಯುವವರಿಗಾದರೂ ಊರು ಕಾಣಲಿ.

ದೊಡ್ಡ ಯೋಜನೆ, ಉತ್ಸವ, ಸೆಲ್ಫಿ ಪಾಯಿಂಟ್ ಏನೂ ಬೇಡ. ಪ್ಲಾಟ್‌ಫಾರಂ ಮೇಲೆ ಒಂದು ಬೋರ್ಡ್ ಸಾಕು. ಶಿವಾಲಯ ಎಷ್ಟು ದೂರ, ಬಾಗಿಲು ತೆರೆದಿರುವ ಹೊತ್ತು, ಆಟೋಗೆ ಎಷ್ಟು, ಲಗೇಜು ಎಲ್ಲಿಡಬೇಕು. ಕನ್ನಡದಲ್ಲಿ ಮೊದಲು, ಕೆಳಗೆ ಬೇರೆ ಭಾಷೆಗಳಲ್ಲಿ. ಬರೆಸುವ ಖರ್ಚನ್ನು ನಮ್ಮ ಬೀದಿಯ ಅಂಗಡಿಯವರೇ ಹಾಕಿಕೊಳ್ಳುತ್ತೇವೆ. ಒಪ್ಪಿಗೆಗೆ ಯಾರ ಬಳಿ ಅರ್ಜಿ ಕೊಡಬೇಕು ಎಂದು ಸಂಬಂಧಪಟ್ಟವರು ತಿಳಿಸಲಿ.

– ಓದುಗ, ಅರಸೀಕೆರೆ, ಹಾಸನ ಜಿಲ್ಲೆ