ಹಾರ್ಮೋನ್ ಪರೀಕ್ಷೆಗೆ ರಕ್ತ ಯಾವಾಗ ತೆಗೆಯಬೇಕು?

ಮಾನ್ಯರೇ,

ನನ್ನ ತಮ್ಮನಿಗೆ ಹುಟ್ಟಿನಿಂದಲೇ ವಂಶದಿಂದ ಬಂದ ಅತಿ ಕೊಲೆಸ್ಟ್ರಾಲ್ ಕಾಯಿಲೆ. ಮಾತ್ರೆಗೆ ಬಗ್ಗದ್ದರಿಂದ ಎರಡು ವಾರಕ್ಕೊಮ್ಮೆ ಎಲ್‌ಡಿಎಲ್ ಅಫೆರೆಸಿಸ್, ಅಂದರೆ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲನ್ನು ರಕ್ತದಿಂದ ತೆಗೆಯುವ ಚಿಕಿತ್ಸೆ ನಡೆಯುತ್ತದೆ. ಒಂದು ತೋಳಿನಿಂದ ಹೊರಬಂದ ರಕ್ತ ಯಂತ್ರದಲ್ಲಿ ಸೋಸಿ ಇನ್ನೊಂದು ತೋಳಿಗೆ ವಾಪಸ್ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಕಾರ್ಟಿಸೋಲ್, ಟೆಸ್ಟೋಸ್ಟೆರಾನ್, ಈಸ್ಟ್ರೋಜೆನ್ ಹಾರ್ಮೋನ್‌ಗಳೆಲ್ಲಕ್ಕೂ ಕೊಲೆಸ್ಟ್ರಾಲೇ ಕಚ್ಚಾವಸ್ತು. ಅವೂ ಕುಸಿದುಬಿಟ್ಟರೆ ಎಂಬ ಭಯ ಸಹಜ ಅಲ್ವಾ? ಆದರೆ ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿ ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳಬಲ್ಲದು, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್‌ನಿಂದಲೂ ಪಡೆಯಬಲ್ಲದು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಮ್ಮ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು.

ನನಗೆ ಬೇಸರವಾಗಿದ್ದು ಬೇರೆ ಕಾರಣಕ್ಕೆ. ಒಮ್ಮೆ ಚಿಕಿತ್ಸೆ ಮುಗಿದ ಕೂಡಲೇ, ತೋಳಿಗೆ ಹತ್ತಿ ಒತ್ತಿಕೊಂಡಿದ್ದವನಿಂದಲೇ ಥೈರಾಯ್ಡ್ ಪರೀಕ್ಷೆಗೂ ರಕ್ತ ತೆಗೆದರು. ಫ್ರೀ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಬಂತು. ಮನೆಯವರೆಲ್ಲ ಗಾಬರಿಯಾದೆವು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಆ ಅಂಕಿಯನ್ನು ಸುಮ್ನೆ ಏರಿಸಿ ತೋರಿಸಬಲ್ಲದು! ಮುಂದಿನ ಸಲ ಚಿಕಿತ್ಸೆಗೆ ಮೊದಲೇ ರಕ್ತ ಕೊಟ್ಟೆವು, ಎಲ್ಲ ಸರಿಯಾಗಿಯೇ ಇತ್ತು.

ಹಾರ್ಮೋನ್ ಪರೀಕ್ಷೆಯ ರಕ್ತವನ್ನು ಯಂತ್ರಕ್ಕೆ ಜೋಡಿಸುವ ಮುನ್ನವೇ ತೆಗೆಯಲಿ, ಚೀಟಿಯಲ್ಲಿ ಸಮಯ ಬರೆಯಲಿ ಎಂದು ವೈದ್ಯರಲ್ಲಿ ನನ್ನ ಕಳಕಳಿಯ ವಿನಂತಿ.

— ರೋಗಿಯೊಬ್ಬರ ಅಕ್ಕ